ಅಕ್ಕನ ಗ್ರಾಫಿನ ಕೊನೆಯ ಗುಡ್ಡ

ಗ್ರಾಫ್ ನನ್ನ ಮೊಬೈಲಿಗೆ ಬಂದಾಗ ನಾನು ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿದ್ದೆ ಎಂದುಕೊಂಡಿದ್ದೇನೆ. ನ್ಯಾಮತಿಯಲ್ಲಿ ಇಳಿದ ಮೇಲೆ ಬಂತೋ ಏನೋ. ಎರಡೂ ಊರಿನ ಕಾಲೇಜುಗಳಲ್ಲಿ ನಾನು ಅತಿಥಿ ಉಪನ್ಯಾಸಕಿ, ಮನೆ ಚನ್ನಗಿರಿಯಲ್ಲಿ. ಬಸ್ ಸ್ಟ್ಯಾಂಡುಗಳೆಲ್ಲ ನನ್ನ ತಲೆಯಲ್ಲಿ ಒಂದರ ಮೇಲೊಂದು ಕೂತುಬಿಟ್ಟಿವೆ.

ಗ್ರಾಫ್ ಮಾತ್ರ ಸ್ಪಷ್ಟವಾಗಿ ನೆನಪಿದೆ. ಅದು ನನ್ನ ಅಕ್ಕನ ರಕ್ತದ ಪ್ರೋಟೀನ್ ಪರೀಕ್ಷೆಯದು. ಜಗಳೂರು ತಾಲ್ಲೂಕಿನ ಸೊಕ್ಕೆಗೆ ಮದುವೆಯಾಗಿ ಹೋದ ಅಕ್ಕನಿಗೆ ಬಹಳ ದಿನದಿಂದ ಬೆನ್ನು ನೋವು. ಶೇಂಗಾ ಕೀಳುವಾಗ ಬಗ್ಗಿ ಬಗ್ಗಿ ಹೀಗಾಗಿದೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ದಾವಣಗೆರೆಯ ಡಾಕ್ಟರು ಹಾಗೆ ಅಂದುಕೊಳ್ಳದೆ ರಕ್ತ ಕಳಿಸಿದ್ದರು. ಗ್ರಾಫಿನ ಎಡಕ್ಕೆ ಒಂದು ಎತ್ತರದ ಶಿಖರ, ಅದು ಎಲ್ಲರ ರಕ್ತದಲ್ಲೂ ಇರುವಂಥದ್ದು. ನಡುವೆ ಸಣ್ಣ ದಿಣ್ಣೆಗಳು. ಬಲತುದಿಯಲ್ಲಿ, ಗೆರೆ ಅಗಲವಾಗಿ ತಗ್ಗಾಗಿ ಮಲಗಿರಬೇಕಾದ ಜಾಗದಲ್ಲಿ, ಸೂಜಿಯಂತೆ ಎದ್ದು ನಿಂತ ಇನ್ನೊಂದು.

ಡಾಕ್ಟರು ಹೇಳಿದ್ದನ್ನು ಬಾವ ಫೋನಿನಲ್ಲಿ ಹೇಳಿದರು. ಹಲವು ಬಗೆಯ ಪ್ರೋಟೀನುಗಳು ಹೆಚ್ಚಾಗಿದ್ದರೆ ಸೋಂಕಿರಬಹುದು. ಒಂದೇ ಬಗೆಯದು ಹೀಗೆ ಚೂಪಾಗಿ ಎದ್ದಿದ್ದರೆ ಎಲುಬಿನೊಳಗಿನ ಕ್ಯಾನ್ಸರ್ ಇರಬಹುದು. ಮುಂದಿನ ವಾರ ಮಜ್ಜೆ ತೆಗೆದು ನೋಡುತ್ತಾರೆ.

ಇಂಥ ಶಿಖರಗಳನ್ನು ಒಂದರಿಂದೊಂದು ಬಿಡಿಸುವುದು ನಾನು ಪಿಎಚ್‌ಡಿಯಲ್ಲಿ ವರ್ಷಗಟ್ಟಲೆ ಮಾಡಿದ ಕೆಲಸ. ಯಂತ್ರ ಕೊಟ್ಟ ಗೆರೆಯಲ್ಲಿ ಶಿಖರಗಳು ಒಂದರೊಳಗೊಂದು ಸೇರಿಹೋಗಿರುತ್ತವೆ. ಒಂದೇ ಗುಡ್ಡದಂತೆ ಕಾಣುವುದು ಎರಡಿರಬಹುದು, ನಾಲ್ಕಿರಬಹುದು. ಎಷ್ಟು ಶಿಖರ, ಸುಮಾರು ಎಲ್ಲೆಲ್ಲಿ ಎಂದು ಸಾಫ್ಟ್‌ವೇರಿಗೆ ಹೇಳಿದರೆ ಅದು ಎತ್ತರ, ಅಗಲಗಳನ್ನು ಹೊಂದಿಸುತ್ತಾ ಹೋಗಿ, ಎಲ್ಲವನ್ನೂ ಕೂಡಿದಾಗ ಮೂಲ ಗೆರೆ ಬರುವಂತೆ ಮಾಡಿ ನಿಲ್ಲುತ್ತದೆ. ನನ್ನ ಗೈಡ್ ಒಂದು ಮಾತು ಹೇಳುತ್ತಿದ್ದರು: "ಎಷ್ಟು ಶಿಖರ ಅಂತ ಅದು ನಿನಗೆ ಹೇಳಲ್ಲಮ್ಮ. ನೀನು ಎಷ್ಟು ಕೇಳಿದರೂ ಹೂಂ ಅನ್ನುತ್ತೆ." ಇದನ್ನೇ ನಾನೂ ತರಗತಿಗಳಲ್ಲಿ ಹೇಳಿದ್ದೇನೆ. ಕಾರಣವಿಲ್ಲದೆ ಶಿಖರ ಸೇರಿಸಿದವರ ಅಂಕ ಕಳೆದಿದ್ದೇನೆ.

ಆ ಭಾನುವಾರ ಲ್ಯಾಪ್‌ಟಾಪ್ ಹೊತ್ತು ಸೊಕ್ಕೆಗೆ ಹೋದೆ. ಅಕ್ಕ ಗೋಡೆಗೆ ಒರಗಿ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು.

"ಏನ್ ಮೇಡಂನೋರೆ, ನನ್ನ ರಕ್ತನೂ ಪಾಠಕ್ಕೆ ಇಟ್ಕಂಡ್ರಾ?"

ಗ್ರಾಫಿನ ಫೋಟೋ ಮೇಲೆ ಚುಕ್ಕಿ ಚುಕ್ಕಿಯಾಗಿ ಒತ್ತುತ್ತಾ ಗೆರೆಯನ್ನು ಅಂಕಿಗಳಾಗಿ ಇಳಿಸಿಕೊಂಡಿದ್ದೆ. ಪರದೆಯ ಮೇಲೆ ಅದು ಬಣ್ಣ ಬಣ್ಣದ ಗುಡ್ಡಗಳಾಗಿ ಎದ್ದದ್ದನ್ನು ಅಕ್ಕ ಕತ್ತು ಚಾಚಿ ನೋಡಿದಳು.

"ನಮ್ ಸೊಕ್ಕೇಲಿ ಇಲ್ದಿರೋ ಗುಡ್ಡ ನನ್ನ ಮೈಯಾಗೆ ಐತೆ ನೋಡು."

ಕುರಿಗಳಿಗೆ ನೀರಿಟ್ಟು ಒಳಗೆ ಬಂದ ಬಾವ ನಕ್ಕರು. "ಎಲ್ಲಾ ಇದ್ರಾಗೇ ಗೊತ್ತಾಗಂಗಿದ್ರೆ ದಾವಣಗೆರೆಗೆ ಯಾಕವ್ವ ಹೋಗಾದು? ಇಲ್ಲೇ ಒಂದು ಬೋರ್ಡ್ ಹಾಕಾನ. ನೀನೇ ಡಾಕ್ಟ್ರು, ನಾನು ಕಾಂಪೌಂಡರ್."

ಕೊನೆಯ ಗುಡ್ಡವನ್ನು ಮೊದಲು ಒಂದೇ ಶಿಖರವಾಗಿ ಕೂರಿಸಿದೆ. ಕೂತಿತು. ಆಮೇಲೆ ಮೂರು ಮಾಡಿದೆ. ಹಾಗೆ ಮಾಡುವ ಮುಂಚೆ ಅಕ್ಕನೇ "ಮೂರು ಮಾಡೇ, ನಿನ್ನ ಗಂಟೇನು ಹೋಗ್ತೈತೆ" ಅಂದಳು ಎಂದು ನನ್ನ ನೆನಪು. ಆ ದನಿ ಈಗಲೂ ಕಿವಿಯಲ್ಲಿದೆ.

ಮೂರೂ ಚೆನ್ನಾಗಿ ಕೂತವು, ಒಂದಕ್ಕಿಂತ ಚೆನ್ನಾಗಿ. ಶಿಖರ ಹೆಚ್ಚಿಸಿದರೆ ಯಾವಾಗಲೂ ಹಾಗೇ ಆಗುವುದು. ಪ್ರತಿ ಅಂಕಿಯ ಪಕ್ಕ, ಅದು ಎಷ್ಟು ತಪ್ಪಿರಬಹುದು ಎಂದು ತೋರಿಸುವ ಕಾಲಂ ಇರುತ್ತದೆ. ಅದು ಪರದೆಯ ಆಚೆ, ಬಲಕ್ಕೆ ಸರಿಸಿದರೆ ಮಾತ್ರ ಕಾಣುವಂಥದ್ದು. ನಾನು ಸರಿಸಲಿಲ್ಲ.

"ಮೂರಿರಬಹುದು. ಸೋಂಕೂ ಇರಬಹುದು ಅಕ್ಕ" ಅಂದೆ.

ಅಕ್ಕ ಆಗಲೇ ಗೋಡೆಯಾಚೆಯ ಮನೆಯವರಿಗೆ ಕೂಗಿ ಹೇಳಿದಳು: "ಮೂರು ಐತಂತೆ ಕಣ್ರೀ. ಸೋಂಕಂತೆ. ನಮ್ಮ ತಂಗಿ ಕಂಪ್ಯೂಟರ್‌ನಾಗೆ ನೋಡಿದ್ಲು." ಊಟಕ್ಕೆ ಕೂತಾಗ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಇದು ಬಾವನಿಗೂ ನೆನಪಿದೆ, ಆದ್ದರಿಂದ ನಿಜವಿರಬೇಕು.

ಚನ್ನಗಿರಿಗೆ ಮರಳಿ ಬಲಕ್ಕೆ ಸರಿಸಿ ನೋಡಿದೆ. ತಪ್ಪಿನ ಅಂಕಿಗಳು ಶಿಖರಗಳ ಎತ್ತರಕ್ಕಿಂತ ದೊಡ್ಡವಿದ್ದವು. ಅಂದರೆ ಆ ಮೂರೂ ಇಲ್ಲದೆಯೇ ಇರಬಹುದು. ಅಕ್ಕನಿಗೆ ಫೋನ್ ಮಾಡಿ ಏನೆಂದು ಹೇಳುವುದು? ಮಾಡಲಿಲ್ಲ.

ಮಜ್ಜೆಯ ಪರೀಕ್ಷೆ ಗೊತ್ತುಪಡಿಸಿದ ದಿನವೇ ಆಯಿತು. ಡಾಕ್ಟರು ಹೆದರಿದ್ದೇ ನಿಜವಾಯಿತು. ನನ್ನ ಮೂರು ಗುಡ್ಡಗಳಿಂದ ಚಿಕಿತ್ಸೆ ಒಂದು ದಿನವೂ ತಡವಾಗಲಿಲ್ಲ. ಕೆಟ್ಟದ್ದೇನೂ ಆಗಲಿಲ್ಲ, ಒಳ್ಳೆಯದೂ ಆಗಲಿಲ್ಲ. ಅದೊಂದು ಲೆಕ್ಕಕ್ಕೆ ಬಾರದ ಮಧ್ಯಾಹ್ನ.

ಇಂಜೆಕ್ಷನ್‌ಗಳು ಶುರುವಾದ ಮೇಲೆ ಗ್ರಾಫಿನ ಆ ಶಿಖರ ಕುಗ್ಗಿತು. ಕುಗ್ಗಿದ ಗ್ರಾಫನ್ನು ಅಕ್ಕ ಟಿವಿ ಪಕ್ಕದ ಮೊಳೆಗೆ ಸಿಕ್ಕಿಸಿದ್ದಳು. ಆಮೇಲೆ ಮತ್ತೆ ಎದ್ದಿತು. ಔಷಧಿ ಬದಲಾಯಿಸಿದರು. ಸ್ವಲ್ಪ ತಗ್ಗಿ, ಹಿಂದಿಗಿಂತ ಎತ್ತರಕ್ಕೆ ಎದ್ದಿತು. ಇನ್ನು ನೋವು ಕಡಿಮೆ ಮಾಡುವುದಷ್ಟೇ ತಮ್ಮ ಕೈಲಿರುವುದು ಎಂದು ಡಾಕ್ಟರು ಬಾವನನ್ನು ಪಕ್ಕಕ್ಕೆ ಕರೆದು ಹೇಳಿದರು.

ಆ ಕೊನೆಯ ಗ್ರಾಫ್ ಬಂದಾಗ ಮತ್ತೊಂದು ಭಾನುವಾರ ಸೊಕ್ಕೆಗೆ ಹೋದೆ. ಅದೇ ಕೋಣೆ, ಅದೇ ಗೋಡೆ. ಅಕ್ಕ ಒರಗಿರಲಿಲ್ಲ, ಮಲಗಿದ್ದಳು. ಯಾರೂ ಕೇಳದಿದ್ದರೂ ಲ್ಯಾಪ್‌ಟಾಪ್ ತಂದಿದ್ದೆ. ಯಾಕೆ ತಂದೆನೋ ಈಗಲೂ ತಿಳಿಯದು. ಒಂದೇ ಶಿಖರ ಕೊಟ್ಟೆ. ಎಲ್ಲಿದೆ ಎಂಬ ಅಂದಾಜನ್ನು ಬೇಕೆಂದೇ ದೂರ ಕೊಟ್ಟೆ, ದಾರಿ ತಪ್ಪಲಿ ಎಂದು. ತಪ್ಪಲಿಲ್ಲ. ನೇರ ಹೋಗಿ ಅಲ್ಲೇ ಕೂತಿತು. ಈ ಸಲ ಬಲಕ್ಕೂ ಸರಿಸಿದೆ. ತಪ್ಪಿನ ಅಂಕಿ ಇಲ್ಲವೆನ್ನುವಷ್ಟು ಸಣ್ಣದು.

"ಎಷ್ಟು?" ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಒಂದು."

ಬಾವ ಬಾಗಿಲಲ್ಲಿ ನಿಂತಿದ್ದರು. ಬೋರ್ಡ್ ಹಾಕೋಣವೆಂದು ನಕ್ಕಿದ್ದವರು. "ಈ ಸಲ ಮೂರು ಬರಾದಿಲ್ವೇನವ್ವ?" ಅಂದರು.

"ಇಲ್ಲ ಬಾವ, ಅದು ಹಂಗಲ್ಲ..."

"ಹೋದ್ಸಲ ಬಂದಿತ್ತಲ್ಲ?"

ಆಗ ಅಕ್ಕ ಮಲಗಿದಲ್ಲಿಂದಲೇ ಅಂದಳು: "ಮೂರು ಮಾಡೇ. ನಿನ್ನ ಗಂಟೇನು ಹೋಗ್ತೈತೆ."

ಮಾಡಿದೆ. ಸಾಫ್ಟ್‌ವೇರ್ ಹೂಂ ಅಂದಿತು. ಬಾವ ಹತ್ತಿರ ಬಂದು ಬಗ್ಗಿ ನೋಡಿ, ಮೊಬೈಲ್ ತೆಗೆದು ಪರದೆಯ ಫೋಟೋ ಹೊಡೆದುಕೊಂಡರು. ಅಕ್ಕ ಕಣ್ಣು ಬಿಟ್ಟು ನೋಡಲಿಲ್ಲ.

ಅಕ್ಕ ಈಗಿಲ್ಲ. ಆ ಮಾತನ್ನು ಅವಳು ಎರಡು ಸಲವೂ ಅಂದಳೋ, ಎರಡನೇ ಸಲ ಮಾತ್ರ ಅಂದಳೋ ಎಂದು ಮೊನ್ನೆ ಬಾವನನ್ನು ಕೇಳಿದೆ. "ಮೊದ್ಲು ಯಾರೂ ಏನೂ ಅಂದಿಲ್ಲವ್ವ" ಅಂದರು. "ನೀನೇ ಲ್ಯಾಪ್‌ಟಾಪ್‌ನ ಅವಳ ಕಡೆ ತಿರುಗಿಸಿ, ನೋಡೇ ಮೂರೈತೆ ಅಂದಿ. ನಗ್ತಿದ್ದಿ."

ನಗುತ್ತಿದ್ದೆನೇ? ಒಂದೇ ಗೋಡೆ, ಒಂದೇ ಲ್ಯಾಪ್‌ಟಾಪ್. ಎರಡು ಭಾನುವಾರಗಳೂ ಸೇರಿಹೋಗಿವೆ. ಬಿಡಿಸಲು ಕೂತರೆ ಅಕ್ಕನ ಮಾತು ಪ್ರತಿ ಸಲವೂ ಮೊದಲ ಭಾನುವಾರಕ್ಕೇ ಹೋಗಿ ಕೂರುತ್ತದೆ, ನನಗೆ ಬೇಕಾದ ಜಾಗದಲ್ಲಿ.

ಫೋಟೋ ಬಾವನ ಮೊಬೈಲಿನಲ್ಲಿ ಇನ್ನೂ ಇದೆ. ತೆಗೆದು ತೋರಿಸಿದರು. "ಇದ್ರಾಗೆ ಮೂರೇ ಐತಲ್ಲವ್ವ" ಅಂದರು. ಹೌದು, ಬಾವ, ಅಂದೆ.