ಹುಣಸೇಹಣ್ಣು ಹಚ್ಚಿ ತೊಳೆದ ಟೋಸ್ಟರ್

ಇವತ್ತು ಬೆಳಿಗ್ಗೆ ದೋಸೆ ಕಾವಲಿಯನ್ನು ಒಲೆಯ ಮೇಲಿಟ್ಟವಳು, ಮಗಳ ಫೋನು ಬಂತೆಂದು ಹೋಗಿ ಮಾತಿಗೆ ಕೂತುಬಿಟ್ಟೆ. ಹಿಂತಿರುಗುವಷ್ಟರಲ್ಲಿ ಮನೆಯೆಲ್ಲ ಕಾದ ಕಬ್ಬಿಣದ ವಾಸನೆ. ಎಣ್ಣೆ ಸುಟ್ಟದ್ದಲ್ಲ, ಹಿಟ್ಟು ಸೀದದ್ದಲ್ಲ, ಬರೀ ಒಣ ಕಬ್ಬಿಣದ್ದು. ನಾಲಿಗೆಯ ಮೇಲೆ ಹಳೇ ನಾಣ್ಯ ಇಟ್ಟುಕೊಂಡ ಹಾಗಿರುತ್ತದೆ ಅದು. ಓಡಿಹೋಗಿ ಗ್ಯಾಸ್ ಆರಿಸಬೇಕಾದವಳು ಒಂದು ಗಳಿಗೆ ನಿಂತು ಮೂಸಿದೆ. ವೆರಿ ಫೂಲಿಶ್, ಒಪ್ಪಿಕೊಳ್ಳುತ್ತೇನೆ.

ಆ ವಾಸನೆ ನನ್ನನ್ನು ನೇರ ಕರೆದುಕೊಂಡು ಹೋಗಿದ್ದು ಪ್ರಿನ್ಸ್‌ಟನ್ ದಾಟಿದ ಮೇಲೆ ಸಿಗುವ ಒಂದು ಹಳೇ ಫಾರ್ಮಿಗೆ. ಹಿಂದಿನ ಕಾಲದವರು ಹೇಗೆ ಬದುಕುತ್ತಿದ್ದರೆಂದು ಸ್ಕೂಲ್ ಮಕ್ಕಳಿಗೆ ತೋರಿಸುವ ಜಾಗ. ಅಲ್ಲೊಂದು ಕುಲುಮೆ, ವಾಲ್ಟ್ ಅನ್ನುವ ಕಮ್ಮಾರ, ಶನಿವಾರಗಳಂದು ದೊಡ್ಡವರಿಗೂ ಕ್ಲಾಸು. ಅರವತ್ತೊಂದನೇ ವಯಸ್ಸಿನಲ್ಲಿ, ಚೂಡಿದಾರದ ಮೇಲೆ ಚರ್ಮದ ಏಪ್ರನ್ ಕಟ್ಟಿಕೊಂಡು, ನಾನು ಅಲ್ಲಿ ಒಂದು ಟೋಸ್ಟರ್ ಮಾಡಿದೆ.

ಪ್ಲಗ್ ಹಾಕುವ ಟೋಸ್ಟರ್ ಅಂದುಕೊಳ್ಳಬೇಡಿ. ಕರೆಂಟ್ ಇಲ್ಲದ ಕಾಲದಲ್ಲಿ ಈ ದೇಶದವರು ಫೈರ್‌ಪ್ಲೇಸಿನ ಮುಂದೆ ನೆಲದ ಮೇಲೆ ಇಡುತ್ತಿದ್ದ ಕಬ್ಬಿಣದ ಸಾಮಾನು ಅದು. ಉದ್ದನೆಯ ಹಿಡಿ, ಮೂರು ಪುಟ್ಟ ಕಾಲು, ಅದರ ಮೇಲೆ ತಿರುಗುವ ಒಂದು ತಟ್ಟೆ, ತಟ್ಟೆಯ ಮೇಲೆ ಎದುರುಬದುರಾಗಿ ಎರಡು ಸಾಲು ಕಮಾನು. ಕಮಾನುಗಳ ನಡುವೆ ಬ್ರೆಡ್ ನಿಲ್ಲಿಸಬೇಕು. ಒಂದು ಮಗ್ಗುಲು ಬೆಂದ ಮೇಲೆ ಕಾಲಿನ ತುದಿಯಿಂದ ಮೆಲ್ಲಗೆ ತಳ್ಳಿದರೆ ಆ ತಟ್ಟೆ ಗಿರ್ರನೆ ತಿರುಗಿ ಇನ್ನೊಂದು ಮಗ್ಗುಲನ್ನು ಬೆಂಕಿಗೆ ಒಡ್ಡುತ್ತದೆ. ನಮ್ಮ ಮನೆಯಲ್ಲಿ ಫೈರ್‌ಪ್ಲೇಸೇ ಇರಲಿಲ್ಲ, ಅದು ಬೇರೆ ಮಾತು.

ಹಾಗಾದರೆ ಯಾಕೆ ಹೋದೆ? ನಮ್ಮ ಯಜಮಾನರಿಗಾಗಿ. ದೊಡ್ಡ ದೊಡ್ಡ ಬ್ಯಾಂಕುಗಳೆಲ್ಲ ಒಂದರ ಹಿಂದೊಂದು ಮಗುಚಿಕೊಂಡ ಚಳಿಗಾಲ ಅದು. ಇವರು ಧಾರವಾಡದವರು, ಓದಿದ್ದು ಮೆಕ್ಯಾನಿಕಲ್, ಆದರೆ ಇಪ್ಪತ್ತೇಳು ವರ್ಷ ವುಡ್‌ಬ್ರಿಡ್ಜಿನಿಂದ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡಿ ಬ್ಯಾಂಕೊಂದರ ಕಂಪ್ಯೂಟರಿನಲ್ಲಿ ರಿಸ್ಕ್ ಲೆಕ್ಕ ಹಾಕಿದವರು. ಒಂದು ಮಧ್ಯಾಹ್ನ ಬೇಗ ಮನೆಗೆ ಬಂದು, ಕೋಟು ತೂಗುಹಾಕಿ, "ಮುಗೀತು" ಅಂದರು. ಆಮೇಲೆ ಮಾತೇ ನಿಂತುಹೋಯಿತು. ಊಟ ಮಾಡುತ್ತಿದ್ದರು, ಡ್ರೈವ್‌ವೇ ಸ್ನೋ ತೆಗೆಯುತ್ತಿದ್ದರು, ಕೇಳಿದ್ದಕ್ಕೆ ಹೂಂ, ಉಹೂಂ. ಮದುವೆಯಾದ ದಿನದಿಂದ ನನ್ನ ಮೈಸೂರು ಸಾರಿಗೆ ಖಾರವೇ ಇಲ್ಲವೆಂದು ದೂರುತ್ತಿದ್ದ ಮನುಷ್ಯ ಅದನ್ನೂ ಬಿಟ್ಟರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಮಗಳು ಫೋನಿನಲ್ಲಿ "ಅಮ್ಮಾ, ಹೀ ನೀಡ್ಸ್ ಟು ಟಾಕ್ ಟು ಸಮ್‌ಬಡಿ" ಅಂದಳು. ಯಾರ ಜೊತೆಗಾದರೂ ಆಗಲಿ, ಬಾಯಿ ಬಿಟ್ಟರೆ ಸಾಕು ಅಂತ ನನ್ನ ಹರಕೆಯೂ ಅದೇ. ಕಾಲೇಜಿನ ವರ್ಕ್‌ಶಾಪಿನಲ್ಲಿ ಕುಲುಮೆ ಕೆಲಸ ಮಾಡುತ್ತಿದ್ದ ಕತೆಯನ್ನು ಇವರು ಹಿಂದೆಲ್ಲ ಬಂದವರಿಗೆಲ್ಲ ಹೇಳುತ್ತಿದ್ದರು. ಲೈಬ್ರರಿಯಲ್ಲಿ ಕ್ಲಾಸಿನ ಚೀಟಿ ನೋಡಿದ ಕೂಡಲೇ ನನ್ನ ಹೆಸರು ಕೊಟ್ಟೆ. ನನ್ನನ್ನು ಡ್ರಾಪ್ ಮಾಡಲು ಬರುತ್ತಾರೆ, ಒಳಗೆ ಇಣುಕುತ್ತಾರೆ, ಕೈ ತುರಿಸುತ್ತದೆ, ಸುತ್ತಿಗೆ ಕೈಗೆ ಕೊಟ್ಟರೆ ಬಾಯಿ ತಾನೇ ತೆರೆಯುತ್ತದೆ. ಹೀಗಿತ್ತು ನನ್ನ ಮಾಸ್ಟರ್ ಪ್ಲಾನ್.

ಇವರು ಕಾರಿನಲ್ಲೇ ಕೂತರು. ಒಂದು ಶನಿವಾರ, ಎರಡು, ನಾಲ್ಕು.

ಅಷ್ಟರಲ್ಲಿ ನನಗೇ ಹುಚ್ಚು ಹಿಡಿದಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಕರ್ಚೀಫಿನ ಅಂಚಿಗೆ ಕಾಣದ ಹಾಗೆ ಹೊಲಿಗೆ ಹಾಕುವುದನ್ನು. ಕಾಣದ ಹಾಗೆ! ಇಲ್ಲಿ ನಾನು ಹೊಡೆದ ಒಂದೊಂದು ಏಟೂ ಕಬ್ಬಿಣದ ಮೇಲೆ ಕಾಣುತ್ತಿತ್ತು. ಪಟ್ಟಿಯನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೂತಿಯ ಮೇಲೆ ಬಗ್ಗಿಸಿ, ನಾಲ್ಕು ಕಮಾನು ಮಾಡಿದೆ. ಒಂದೊಂದೂ ಒಂದೊಂದು ಎತ್ತರ. ಬಣ್ಣ ಇಳಿದ ಮೇಲೂ ನಾನು ಬಡಿಯುತ್ತಿದ್ದರೆ ವಾಲ್ಟ್ "ಗೋ ಬ್ಯಾಕ್ ಟು ದ ಫೈರ್, ಡಿಯರ್" ಅನ್ನುತ್ತಿದ್ದ. ಸಿಟ್ಟೇ ಬರದ ಮನುಷ್ಯ.

ಐದನೇ ಶನಿವಾರ ರಿವೆಟ್ ಹೊಡೆಯುವ ಕೆಲಸ. ತಟ್ಟೆ ತಿರುಗುವುದು ಆ ಒಂದು ಮೊಳೆಯ ಮೇಲೆ. ಬಿಗಿಯಾಗಿ ಬಡಿದರೆ ತಿರುಗದು, ಸಡಿಲವಾದರೆ ಅಲ್ಲಾಡುತ್ತದೆ. ಎರಡು ಕಬ್ಬಿಣದ ನಡುವೆ ಒಂದು ಚೂರು ರಟ್ಟು ಇಟ್ಟು ಬಡಿಯಬೇಕು. ರಟ್ಟು ಸುಟ್ಟುಹೋಗಿ ಸಂದಿ ಉಳಿಯುತ್ತದೆ. ನಾನು ಎರಡು ರಿವೆಟ್ ಕೆಡಿಸಿ ಮೂರನೆಯದಕ್ಕೆ ಕೈಹಾಕಿದಾಗ ಬಾಗಿಲಿನಿಂದ ಒಂದು ದನಿ ಬಂತು.

"ಕೆಂಪಿದ್ದಾಗ ಹೊಡೀಬೇಕು. ಕರ್ರಗಾದ ಮ್ಯಾಲೆ ಬಡದ್ರ ಏನು ಬಂತು? ಕೊಡಿಲ್ಲೆ."

ಇವರು! ಕೈ ಚಾಚಿ ನಿಂತಿದ್ದಾರೆ. ತಿಂಗಳುಗಟ್ಟಲೆ ಕಾದ ಗಳಿಗೆ. ನಾನೇನು ಮಾಡಿದೆ ಗೊತ್ತೇ? ಸುತ್ತಿಗೆಯನ್ನು ಎದೆಗೆ ಅವುಚಿಕೊಂಡು "ಬೇಡ ರೀ, ಇದು ನಂದು" ಅಂದುಬಿಟ್ಟೆ.

ಇವರು ಕೈ ಹಿಂದಕ್ಕೆ ತೆಗೆದುಕೊಂಡು ಕಾರಿಗೆ ಹೋದರು. ವಾಲ್ಟ್ "ಯುವರ್ ಹಸ್ಬೆಂಡ್ ನೋಸ್ ಐರನ್" ಅಂದ. ಆ ರಿವೆಟ್ ಸರಿಯಾಗಿ ಕೂತಿತು, ತಟ್ಟೆ ಬುಗುರಿಯ ಹಾಗೆ ತಿರುಗಿತು, ಜೊತೆಯವರು ಚಪ್ಪಾಳೆ ತಟ್ಟಿದರು. ನನಗೆ ಖುಷಿಯಾಯಿತು. ಖುಷಿಯಾಯಿತಲ್ಲಾ ಅಂತ ದಾರಿಯುದ್ದಕ್ಕೂ ನಾಚಿಕೆಯಾಯಿತು.

ಮನೆಗೆ ಬಂದು ನೋಡಿದರೆ ಟೋಸ್ಟರ್ ತುಂಬ ಕಪ್ಪು. ವಾಲ್ಟ್ ಬಿಸಿಯಿದ್ದಾಗ ಜೇನುಮೇಣ ತಿಕ್ಕಿ ಕೂರಿಸಿದ ಕಪ್ಪು ಅದು, ತುಕ್ಕು ಹಿಡಿಯದಿರಲಿ ಅಂತ. ನನ್ನ ಕಣ್ಣಿಗೆ ಮಸಿ. ಹೊಸ ಸಾಮಾನು ಮನೆಗೆ ಬಂದರೆ ತೊಳೆದು ಅರಿಶಿನ ಕುಂಕುಮ ಇಡಬೇಡವೇ? ಹುಣಸೇಹಣ್ಣು, ಕಲ್ಲುಪ್ಪು ಹಾಕಿ ದೇವರ ದೀಪ ತಿಕ್ಕಿದ ಹಾಗೆ ಗಸಗಸ ತಿಕ್ಕಿದೆ. ಬೆಳ್ಳಿಯ ಹಾಗೆ ಹೊಳೆಯಿತು. ಮಾರನೇ ಬೆಳಿಗ್ಗೆ ಅಡಿಯಿಂದ ಮುಡಿಯವರೆಗೆ ಕಾವಿ ಬಳಿದ ಹಾಗೆ ತುಕ್ಕು. ಸಿಂಕಿನ ಮುಂದೆ ನಿಂತು ಚಿಕ್ಕ ಹುಡುಗಿಯ ಹಾಗೆ ಅತ್ತೆ.

ಇವರು ಬಂದು ನೋಡಿದರು. "ಏನ ಹಚ್ಚಿ ತಿಕ್ಕಿದಿ?"

"ಹುಣಸೇಹಣ್ಣು."

"ಕಬ್ಬಣಕ್ಕ ಹುಣಸೀಹಣ್ಣು ಹಚ್ಚತಾರ ಯಾರರೆ? ಕಾನ್ವೆಂಟ್ನ್ಯಾಗ ಇದನ್ನ ಕಲಿಸ್ಯಾರ ನಿನಗ?"

ಬಯ್ಗುಳ ಕೇಳಿ ಅಷ್ಟು ಸಂತೋಷ ನನಗೆ ಜೀವಮಾನದಲ್ಲಿ ಆಗಿಲ್ಲ.

ಟೋಸ್ಟರನ್ನು ಹಿತ್ತಲಿಗೆ ಒಯ್ದರು. ತಂತಿಬ್ರಶ್ಶಿನಿಂದ ತುಕ್ಕು ಉಜ್ಜಿದರು. ಬಾರ್ಬೆಕ್ಯೂ ಗ್ರಿಲ್ಲಿನಲ್ಲಿ ಇದ್ದಲು ಹೊತ್ತಿಸಿ, ನನ್ನ ಹೇರ್ ಡ್ರೈಯರ್ ತರಿಸಿ, "ಗಾಳಿ ಹಾಕು" ಅಂದರು. ಈಗ ನಾನು ತಿದಿ ಒತ್ತುವವಳು. ಮೇಣ ಇರಲಿಲ್ಲ. ಕೊಲೆಸ್ಟರಾಲಿಗೆಂದು ಇವರು ಕುಡಿಯುತ್ತಿದ್ದ ಅಗಸೆ ಎಣ್ಣೆಯನ್ನೇ ಚಿಂದಿಬಟ್ಟೆಯಲ್ಲಿ ಅದ್ದಿ, ಕಾದ ಕಬ್ಬಿಣಕ್ಕೆ ಸವರಿದರು. ಹೊಗೆ ಎದ್ದಿತು. ಕಪ್ಪು ನಿಧಾನವಾಗಿ ಮರಳಿ ಬಂತು.

"ಆಫೀಸ್ನ್ಯಾಗ ಕಡೀ ವಾರ," ಇವರು ಕಮಾನು ಸವರುತ್ತಲೇ ಅಂದರು, "ಯಾರ್ಯಾರ್ನ ತಗೀಬೇಕು ಅಂತ ನನಗ ಕೇಳಿದ್ರು. ನಾಕು ಮಂದಿ ಹೆಸರು ಬರದು ಕೊಟ್ಟೆ. ಆಮ್ಯಾಲೆ ನನ್ನೂ ತಗದ್ರು."

ನಾನು ಹೇರ್ ಡ್ರೈಯರ್ ಆರಿಸಲಿಲ್ಲ. ಆರಿಸಿದರೆ ಮಾತು ನಿಲ್ಲುತ್ತದೆ ಅನ್ನಿಸಿತು. ಅವತ್ತು ಅಡಿಗೆ ಮಾಡಲೇ ಇಲ್ಲ. ಮಧ್ಯಾಹ್ನ ಅದೇ ಕೆಂಡದ ಮುಂದೆ ಟೋಸ್ಟರಿಟ್ಟು ಬ್ರೆಡ್ ಸುಟ್ಟುಕೊಂಡು, ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು. "ಖಾರ ಕಮ್ಮಿ ಆತು" ಅಂದರು.

ಇಷ್ಟು ಬರೆದು, ಧಾರವಾಡದ ಮಾತು ಸರಿಯಾಗಿದೆಯೇ ನೋಡಿ ಅಂತ ಇವರ ಕೈಗೆ ಕೊಟ್ಟೆ. ಈಗ ಎಂಬತ್ತು ಸಮೀಪಿಸುತ್ತಿದೆ, ಕಿವಿ ಮಂದ, ಕಣ್ಣು ಪರವಾಗಿಲ್ಲ. ಪೆನ್ಸಿಲ್ ಹಿಡಿದು ಓದಿದರು. ಒಂದೇ ಒಂದು ಕಡೆ ಗೆರೆ ಎಳೆದರು.

"ನಾಕಲ್ಲ. ಐದು."

ಐದನೆಯವನು ಇಮ್ರಾನ್. ಮೈಸೂರಿನವನು, ಇವರ ಟೀಮಿನಲ್ಲೇ ಇದ್ದ. ಈದಿಗೆ ಡಬ್ಬಿ ತುಂಬ ಶೀರ್ ಖುರ್ಮಾ ತಂದು, ಅದೇ ಡಬ್ಬಿಯಲ್ಲಿ ನನ್ನ ಬಿಸಿಬೇಳೆ ಭಾತ್ ತುಂಬಿಸಿಕೊಂಡು ಹೋಗುತ್ತಿದ್ದ. ಆ ಚಳಿಗಾಲದಿಂದ ಬರುವುದು ನಿಂತುಹೋಗಿತ್ತು. ಕೆಲಸ ಹೋದವರ ಮನೆ ಈಗ ಬೇಡವಾಯಿತು ನೋಡಿ ಅಂತ ನಾನು ಎಷ್ಟು ಸಲ ಆಡಿಕೊಂಡಿದ್ದೇನೆ! ಇವರು ಎದುರಿಗೇ ಕೂತು ಅದನ್ನೆಲ್ಲ ಕೇಳಿಸಿಕೊಂಡಿದ್ದಾರೆ.

"ನೀ ಅವಗ ಉಣ್ಣಾಕ ಹಾಕಿದಾಕಿ," ಅಂದರು. "ನಿನಗ ಹ್ಯಾಂಗ ಹೇಳಲಿ?"

ಮೇಲೆ ನಾಲ್ಕು ಅಂತ ಬರೆದದ್ದನ್ನು ನಾನು ತಿದ್ದಿಲ್ಲ. ಅವತ್ತು ಇವರಿಗೆ ಅಷ್ಟೇ ಹೇಳಲಾಗಿತ್ತು.

"ನಂಬರ್ ಇದೆಯಾ?" ಅಂತ ಕೇಳಿದೆ. ಇತ್ತು. ಹಳೇ ಡೈರಿಯಲ್ಲಲ್ಲ, ಈಗಿನ ಫೋನಿನಲ್ಲೇ. ಇವರು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟರು. ನಾಲ್ಕು ಸಲ ರಿಂಗಾಯಿತು. ಆಮೇಲೆ ಆ ಕಡೆಯಿಂದ "ಸರ್?" ಅಂತ ಕೇಳಿಸಿತು.

ನಾನು ಎದ್ದು ಹೊರಗೆ ಬಂದೆ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೆ.