ಪರದೆಯ ಕಂಬಿಯೂ ಪ್ರಭಾಳ ಸ್ವೆಟರೂ

ಇವತ್ತು ಬೆಳಿಗ್ಗೆ ಶೆಫೀಲ್ಡಿನ ನಮ್ಮ ಆಸ್ಪತ್ರೆಯ ಲಿಫ್ಟಿನಲ್ಲಿ, ಹೊಸದಾಗಿ ಬಂದ ಡಾಕ್ಟರಮ್ಮ ಒಬ್ಬರು ಮೂಗರಳಿಸಿ ಅತ್ತಿತ್ತ ನೋಡಿದರು. ಇಂಗಿನ ವಾಸನೆ, ನನ್ನ ಕೋಟಿನದೇ. ಹಿಂದಾಗಿದ್ದರೆ ನಾನೂ ಅವರ ಜೊತೆ ಅತ್ತಿತ್ತ ನೋಡಿಬಿಡುತ್ತಿದ್ದೆ.

ನಂಬಿ, ಇಪ್ಪತ್ತು ವರ್ಷದ ಹಿಂದೆ ನಾನು ಕೋಟನ್ನು ಮನೆಯೊಳಕ್ಕೇ ತರುತ್ತಿರಲಿಲ್ಲ. ಹೆಂಡತಿ ಪ್ರಭಾಳ ಒಗ್ಗರಣೆ ತಗುಲೀತೆಂದು ಕಾರಿನ ಡಿಕ್ಕಿಯಲ್ಲೇ ಬಿಟ್ಟು, ಚಳಿಯಲ್ಲಿ ಗಡಗಡ ನಡುಗುತ್ತ ಬಾಗಿಲು ತಟ್ಟುತ್ತಿದ್ದೆ. ಧಾರವಾಡದವಳು, ಸುಮ್ಮನಿರುವಳೇ? "ಊಟಕ್ಕ ನನ್ನ ಒಗ್ಗರಣಿ ಬೇಕು, ಕೋಟಿಗೆ ಬ್ಯಾಡೇನ್ರಿ?" ಎನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು, ಆದರೆ ಅವಳಿಗೆ ನೋವಾಗುತ್ತಿತ್ತು, ಅದು ನನಗೆ ಗೊತ್ತಿತ್ತು.

ಆ ಚಳಿಗಾಲ ನಮ್ಮ ವಾರ್ಡಿನ ನರ್ಸ್ ಹೆಲೆನ್ ರಜೆಗೆ ಹೋಗುತ್ತ, ತಾನು ಸಾಕಿದ ಎರಡು ಶುಗರ್ ಗ್ಲೈಡರ್‌ಗಳನ್ನು ಒಂದು ವಾರಕ್ಕೆ ನಮ್ಮಲ್ಲಿ ಬಿಟ್ಟಳು. ಅಳಿಲಿನಷ್ಟು ಪ್ರಾಣಿ. ಹೆಣ್ಣಿಗೆ ಕಾಂಗರೂವಿನ ಹಾಗೆ ಹೊಟ್ಟೆಯಲ್ಲಿ ಮರಿಚೀಲ. ಕೈಯಿಂದ ಕಾಲಿನವರೆಗೆ ಸಡಿಲ ಚರ್ಮ. ಅದನ್ನು ಹರವಿಕೊಂಡು ಮರದಿಂದ ಮರಕ್ಕೆ ತೇಲುತ್ತವಂತೆ. ಆಸ್ಟ್ರೇಲಿಯದ ಕಾಡಿನಲ್ಲಿ ಜಾಲಿಮರದ ಅಂಟು ನೆಕ್ಕಿಕೊಂಡು, ಇಡೀ ಸಂಸಾರ ಒಂದೇ ಪೊಟರೆಯಲ್ಲಿ ಮುದುರಿ ಮಲಗುತ್ತದೆ. ಒಂದರ ಮೈವಾಸನೆ ಇನ್ನೊಂದಕ್ಕೆ ತಿಕ್ಕಿಕೊಳ್ಳುತ್ತವೆ. ಆ ವಾಸನೆ ಇದ್ದವರು ಮನೆಯವರು, ಇಲ್ಲದವರು ಕಳ್ಳರು. ಪ್ರಭಾ ಅವು ಮಲಗುವ ಬಟ್ಟೆಚೀಲವನ್ನು ಸ್ವೆಟರಿನೊಳಗೆ ಕಟ್ಟಿಕೊಂಡೇ ವಾರವಿಡೀ ಅಡುಗೆ ಮಾಡಿದಳು.

ಭಾನುವಾರ ನಾಲ್ಕಕ್ಕೆ ಹೆಲೆನ್ ಬರುವವಳು. ಮೂರೂವರೆಗೆ ಪ್ರಭಾ ಅಂಗಡಿಗೆ ಹೋಗಿದ್ದಾಗ, ನಾನೇನು ಕಮ್ಮಿ ಎಂದು ಗೂಡಿನ ಬಾಗಿಲು ತೆರೆದೆ. ಎರಡರಲ್ಲಿ ಒಂದು ಕಿರ್ರೆಂದು ನನಗೆ ಬೈದು, ತೇಲಿಹೋಗಿ ಪರದೆಯ ಕಂಬಿ ಹತ್ತಿ ಕೂತಿತು. ಸೇಬು ತೋರಿಸಿದೆ, ಜೇನು ತೋರಿಸಿದೆ, ಕೊನೆಗೆ ಕೈಮುಗಿದೆ. ಊಹೂಂ. ಇನ್ನು ಹೆಲೆನ್‌ಗೆ ಯಾವ ಮುಖ ತೋರಿಸಲಿ?

ಅಂಗಡಿಯಿಂದ ಬಂದ ಪ್ರಭಾ ಬಿದ್ದು ಬಿದ್ದು ನಕ್ಕಳು.

"ನೀನೇ ಕರಿಯೇ, ಮಾರಾಯ್ತಿ" ಎಂದೆ.

"ನಾ ಯಾಕ ಕರೀಲಿ? ಬಿಟ್ಟವರು ನೀವು. ನಿಮಗ ಮನೀ ವಾಸನೀನ ಇಲ್ಲಲ್ರೀ, ಅದಕ್ಕ ಹ್ಯಾಂಗ ಗೊತ್ತಾಗಬೇಕು ನೀವು ಯಾರಂತ?" ಎಂದವಳೇ ಸ್ವೆಟರ್ ಬಿಚ್ಚಿ ನನ್ನ ಮೇಲೆ ಎಸೆದಳು.

ಗುಲಾಬಿ ಬಣ್ಣದ್ದು; ತೋಳು ನನ್ನ ಮೊಣಕೈಗೇ ನಿಂತಿತು. ಕಂಬಿಯ ಕೆಳಗೆ ನಿಂತು ಎರಡು ನಿಮಿಷ ಉಸಿರು ಬಿಗಿಹಿಡಿದೆ. ಥಟ್ಟನೆ ಹಾರಿ ಎದೆಗೆ ಅಂಟಿಕೊಂಡಿತು, ಒಳಗೆ ನುಸುಳಿ ಮಲಗಿಯೇಬಿಟ್ಟಿತು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ, ಅಷ್ಟು ಸಂತೋಷವೂ.

ಬಾಗಿಲ ಕರೆಗಂಟೆ ಸದ್ದಾಯಿತು. ಅದೇ ವೇಷದಲ್ಲಿ ಬಾಗಿಲು ತೆರೆದೆ. ಹೆಲೆನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದೇನು ವಾಸನೆ?" ಎಂದಳು. ಈ ದೇಶಕ್ಕೆ ಬಂದಾಗಿನಿಂದ, ನಾಲ್ಕು ವರ್ಷ, ನಾನು ಹೆದರಿಕೊಂಡಿದ್ದ ಪ್ರಶ್ನೆ.

"ನಮ್ಮ ಮನೆಯದು" ಎಂದೆ.

ಅವತ್ತು ಸಂಜೆಯೇ ಕೋಟು ಡಿಕ್ಕಿಯಿಂದ ಅಡುಗೆಮನೆಯ ಬಾಗಿಲ ಮೊಳೆಗೆ ಬಂತು. ಈಗಲೂ ಅದೇ ಮೊಳೆ. ಲಿಫ್ಟಿನಲ್ಲಿ ಡಾಕ್ಟರಮ್ಮ ಇನ್ನೂ ಅತ್ತಿತ್ತ ನೋಡುತ್ತಲೇ ಇದ್ದರು.

"ಹುಡುಕಬೇಡಿ, ಅದು ನಾನೇ" ಎಂದೆ.