ಅಕ್ಕನ ಮಂಚದ ಬದಿಯ ಕೂಲರ್

ಅಫಜಲಪುರದ ನಮ್ಮ ಮನೆಯಲ್ಲಿ ಮೊದಲೆಲ್ಲ ಜೂನಿನಲ್ಲಿ ಮಿರಗದ ಮಳೆ ಬಿತ್ತೆಂದರೆ ಕೂಲರ್ ತೊಳೆದು ಮೂಲೆಗಿಡುತ್ತಿದ್ದರು. ಈಗ ಮಳೆ ನಾಲ್ಕು ದಿನ ಹೊಡೆದು ಹೋಗುತ್ತದೆ, ಹಿಂದೆಯೇ ಬೇಸಿಗೆಯ ಸೆಕೆ. ದಸರೆ ಹತ್ತಿರ ಬಂದರೂ ಕೂಲರ್ ಓಡುತ್ತಲೇ ಇತ್ತು. ನಳದ ನೀರಿಗೆ ವಾರಗಟ್ಟಲೆ ಕಾಯುವವರು ಅದರ ನೀರನ್ನು ಚೆಲ್ಲುತ್ತಾರೆಯೇ? ಹಳೆಯದರ ಮೇಲೇ ಒಂದು ಕೊಡ ಹೊಸದು ಸುರಿಯುತ್ತಿದ್ದೆವು.

ಚೊಚ್ಚಲ ಹೆರಿಗೆಗೆಂದು ಅಕ್ಕ ಜೇವರ್ಗಿ ಕಡೆಯ ಗಂಡನ ಮನೆಯಿಂದ ಬಂದಳು. ತವರಿಗೆ ಬಂದ ಬಸುರಿಗೆ ಮನೆಯ ತಂಪು ಜಾಗ ಕೊಡಬೇಕಲ್ಲ. ಅವ್ವ ಅವಳ ಮಂಚವನ್ನು ಕೂಲರಿಗೇ ಹಚ್ಚಿ ಹಾಕಿಸಿದಳು. ನಾನು ಕೂಲರಿನ ಗೊರಗೊರಕ್ಕೆ ಅಪ್ಪನ ಗೊರಕೆ ಬೆರೆಸಿ ಅಣಕಿಸುತ್ತಿದ್ದೆ. ನನ್ನದು ಕಡ್ಡಿಯಂಥ ಕೈಕಾಲು, ಉದ್ದ ಮೂಗು. ಸೊಳ್ಳೆಯ ಪಾತ್ರಕ್ಕಂತೂ ನನಗೆ ಬಣ್ಣವೂ ಬೇಕಿರಲಿಲ್ಲ. ಗುಂಯ್ ಎಂದು ಕಿವಿಯ ಹತ್ತಿರ ಹೋದರೆ ಅಕ್ಕ ದಿಂಬು ಎಸೆಯುತ್ತಿದ್ದಳು.

ಒಂದು ಮುಂಜಾನೆ ದಿಂಬು ಬರಲಿಲ್ಲ.

"ಮೈಯೆಲ್ಲ ಮುರ್ದಂಗ ಆಗ್ಯಾದೋ ತಮ್ಮಾ" ಎಂದಳು. ಹಣೆ ಸುಡುತ್ತಿತ್ತು.

ಓಣಿಯ ಆಶಾ ಕಾರ್ಯಕರ್ತೆ ಬಂದವರೇ ಕೂಲರಿನ ಬದಿ ತೆಗೆದು ಬ್ಯಾಟರಿ ಬೆಳಕು ಬಿಟ್ಟರು. ನೀರಲ್ಲಿ ಹುಳುಗಳು ಬಾಲ ಕುಣಿಸುತ್ತಿದ್ದವು.

"ಮಗಳಿಗಿ ತಂಪು ಮಾಡಾಕ ಹೋಗಿ ಏನ್ ಸಾಕೀರಿ ನೋಡ್ರಿ ಯಕ್ಕಾ. ಇವೇ ಸೊಳ್ಳಿ ಆಗ್ತಾವ. ಮೊದಲ ದವಾಖಾನಿಗಿ ಒಯ್ರಿ."

ಅವ್ವ ಅಕ್ಕನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ನಾನು ಕೂಲರಿನ ನೀರನ್ನೆಲ್ಲ ಅಂಗಳದ ಬಿಸಿಲಿಗೆ ಚೆಲ್ಲಿದೆ.

ಕಲಬುರಗಿಯ ದವಾಖಾನೆಯಲ್ಲಿ ಡೆಂಗಿ ಎಂದರು. ಕೆಲ ದಿನಕ್ಕೆ ಜ್ವರ ಇಳಿಯಿತು. ಅಪ್ಪ ಎಲ್ಲರಿಗೂ ಚಹಾ ತರಲು ಹೊರಟರೆ ಡಾಕ್ಟರು ತಡೆದರು.

"ಇಷ್ಟಕ್ಕ ಖುಷಿ ಆಗಬ್ಯಾಡ್ರಿ. ಡೆಂಗಿಗಿ ಜ್ವರ ಇಳಿದ ಮ್ಯಾಲೇ ಅಂಜಬೇಕು. ಹೊಟ್ಟಿ ನೋವು ಬಂದ್ರ, ಒಸಡಿನಾಗ ರಕ್ತ ಕಂಡ್ರ ಕೂಡ್ಲೆ ಕರೀರಿ."

ಬಾಯಿ ತೆರೆ ಎಂದರೆ ಅಕ್ಕ ಹೆದರುತ್ತಾಳೆ. ನಾನು ಪಕ್ಕ ಕೂತು ಅಪ್ಪನ ಗೊರಕೆ ಶುರು ಮಾಡಿದೆ.

"ಸುಮ್ನಿರಲೇ, ಮಂದಿ ನೋಡಾಕತ್ತಾರ" ಎಂದು ನಕ್ಕಳು.

ಒಸಡು ನೋಡಿದೆ. ರಕ್ತವಿಲ್ಲ. ಸ್ವಲ್ಪ ಹೊತ್ತಿಗೆ ಕೂಲರ್ ಆದೆ, ಆಮೇಲೆ ಭಾವನ ನಡಿಗೆ. ನಗಿಸುವುದು, ನೋಡುವುದು. ಮರುದಿನ ಮಧ್ಯಾಹ್ನ ಅವಳು ನಕ್ಕಾಗ ಹಲ್ಲಿನ ಸಂದಿಯಲ್ಲಿ ಸಣ್ಣ ಕೆಂಪು ಗೆರೆ ಕಂಡಿತು. ಗೊರಕೆ ನಿಲ್ಲಿಸದೆಯೇ ಅಪ್ಪನಿಗೆ ಕೈಸನ್ನೆ ಮಾಡಿದೆ. ಅಪ್ಪ ಡಾಕ್ಟರನ್ನು ಕರೆಯಲು ಓಡಿದ.

ಅಕ್ಕನೂ ಉಳಿದಳು, ಹೊಟ್ಟೆಯ ಕೂಸೂ ಉಳಿಯಿತು. ಆದರೆ ಈಗಲೂ ಅವಳು ಗೊಳ್ಳೆಂದು ನಕ್ಕರೆ ನನಗೆ ನಗು ಬರುವುದು ತಡವಾಗಿ. ಕಣ್ಣು ಮೊದಲು ಒಸಡಿಗೇ ಹೋಗುತ್ತದೆ.